ಬೆಂಚ್‌ರೆಸ್ಟ್ ರೈಫಲ್‌ನ ನಿಖರತೆಗಾಗಿ ಕಾಡತೂಸು ತುಂಬುವ ಕ್ರಮ

ಬೆಂಚ್‌ರೆಸ್ಟ್ ಸ್ಪರ್ಧೆಯಲ್ಲಿ ರೈಫಲ್‌ನ ಮುಂಭಾಗ ಒಂದು ರೆಸ್ಟ್‌ನ ಮೇಲೂ ಹಿಂಭಾಗ ಮರಳಿನ ಚೀಲದ ಮೇಲೂ ಕುಳಿತಿರುತ್ತದೆ. ಶೂಟರ್ ಗಟ್ಟಿಯಾದ ಮೇಜಿನ ಮುಂದೆ ಕುಳಿತು 100, 200 ಅಥವಾ 300 ಗಜ ದೂರದ ಕಾಗದದ ಗುರಿಗೆ ಗುಂಡು ಹಾರಿಸುತ್ತಾರೆ. ಗ್ರೂಪ್ ಸ್ಪರ್ಧೆಗಳಲ್ಲಿ ಗುಂಡು ಗುರಿಯ ನಟ್ಟನಡುವೆ ಬಿತ್ತೇ ಎಂಬುದನ್ನು ಯಾರೂ ಕೇಳುವುದಿಲ್ಲ. ಐದು ಗುಂಡುಗಳು ಒಂದಕ್ಕೊಂದು ಎಷ್ಟು ಹತ್ತಿರ ಬಿದ್ದವು ಎಂಬುದಷ್ಟೇ ಲೆಕ್ಕಕ್ಕೆ ಬರುತ್ತದೆ, ಮತ್ತು ಅತಿ ದೂರದಲ್ಲಿರುವ ಎರಡು ರಂಧ್ರಗಳ ಕೇಂದ್ರಗಳ ನಡುವಿನ ಅಂತರವೇ ಆ ಗ್ರೂಪಿನ ಅಳತೆಯಾಗುತ್ತದೆ. 100 ಗಜದಲ್ಲಿ ಒಂದು ಮಿನಿಟ್ ಕೋನವೆಂದರೆ (ಒಂದು ಡಿಗ್ರಿಯ ಅರವತ್ತನೇ ಒಂದು ಭಾಗ) 1.047 ಇಂಚು, ಅಂದರೆ ಸುಮಾರು 26.6 ಮಿಲಿಮೀಟರ್. ಕಾರ್ಖಾನೆಯ ಸಾಮಾನ್ಯ ರೈಫಲ್ ಅಷ್ಟರೊಳಗೆ ಗುಂಡುಗಳನ್ನು ಕೂಡಿಹಾಕಿದರೆ ಅದನ್ನು ಒಳ್ಳೆಯ ರೈಫಲ್ ಎನ್ನುತ್ತೇವೆ. ಬೆಂಚ್‌ರೆಸ್ಟ್‌ನಲ್ಲಿ ಅದರ ಕಾಲುಭಾಗವೂ ದೊಡ್ಡದೆನಿಸುತ್ತದೆ.

ಅಂಥ ಅಳತೆಯನ್ನು ಮುಟ್ಟಲು ಅಂಗಡಿಯಲ್ಲಿ ಸಿಗುವ ಕಾಡತೂಸುಗಳು ಸಾಲುವುದಿಲ್ಲ. ಕಾಡತೂಸೆಂದರೆ ಹಿತ್ತಾಳೆಯ ಕೇಸ್, ಅದರ ತಳದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್, ಒಳಗೆ ಮದ್ದು, ಬಾಯಲ್ಲಿ ಗುಂಡು. ಕಾರ್ಖಾನೆಯು ಸಾವಿರಾರು ಬೇರೆ ಬೇರೆ ರೈಫಲ್‌ಗಳ ಚೇಂಬರಿಗೆ (ಬ್ಯಾರೆಲಿನ ಹಿಂತುದಿಯಲ್ಲಿ ಕಾಡತೂಸು ಕೂರುವ ಗೂಡು) ಹೊಂದುವಂತೆ ಕಾಡತೂಸನ್ನು ತಯಾರಿಸಬೇಕಾಗುತ್ತದೆ, ನೀವಾದರೋ ಒಂದೇ ಒಂದು ಚೇಂಬರಿಗೆ, ಒಂದೇ ಒಂದು ಬ್ಯಾರೆಲ್‌ಗೆ ತಯಾರಿಸುತ್ತೀರಿ. ಹ್ಯಾಂಡ್‌ಲೋಡಿಂಗ್‌ನಿಂದ (ಕಾಡತೂಸನ್ನು ಸ್ವತಃ ತುಂಬಿಕೊಳ್ಳುವುದು) ಸಿಗುವ ಲಾಭವೆಲ್ಲ ಇಲ್ಲಿಂದಲೇ ಹುಟ್ಟುತ್ತದೆ. ಅದರಲ್ಲಿ ಎರಡು ಕೆಲಸಗಳಿವೆ: ಪ್ರತಿ ಕಾಡತೂಸೂ ಇನ್ನೊಂದರಂತೆಯೇ ಇರುವಂತೆ ನೋಡಿಕೊಳ್ಳುವುದು ಒಂದು, ನಿಮ್ಮ ಬ್ಯಾರೆಲ್‌ಗೆ ಒಗ್ಗುವ ಹದವನ್ನು ಕಂಡುಕೊಳ್ಳುವುದು ಇನ್ನೊಂದು. ಹೊಸಬರು ಬಹುತೇಕ ಮೊದಲನೆಯದರಲ್ಲೇ ಮುಳುಗಿಬಿಡುತ್ತಾರೆ. ಕೇಸ್‌ಗಳನ್ನು ತೂಗುತ್ತಾರೆ, ಗುಂಡುಗಳನ್ನು ತೂಗುತ್ತಾರೆ, ಮದ್ದನ್ನು ಕಾಳು ಕಾಳಾಗಿ ಎಣಿಸಿದಂತೆ ಹಾಕುತ್ತಾರೆ. ಆದರೆ ಹದ ತಪ್ಪಿದ ನೂರು ಕಾಡತೂಸುಗಳು ಎಷ್ಟೇ ಏಕರೂಪವಾಗಿದ್ದರೂ ಗ್ರೂಪ್ ಚಿಕ್ಕದಾಗುವುದಿಲ್ಲ. ಆದ್ದರಿಂದ ಈ ಬರಹದಲ್ಲಿ ಪ್ರತಿ ಹಂತಕ್ಕೂ ಒಂದೇ ಪ್ರಶ್ನೆಯನ್ನು ಕೇಳುತ್ತಾ ಹೋಗಿದ್ದೇನೆ: ಇದನ್ನು ಮಾಡಿದರೆ ಅದರ ಗುರುತು ಗುರಿಯ ಕಾಗದದ ಮೇಲೆ ಕಾಣುತ್ತದೆಯೇ?

ಒಂದು ಪೂರ್ವಷರತ್ತು ಇದೆ. ಸ್ಟಾಕ್‌ನಲ್ಲಿ ಆಕ್ಷನ್ (ಕಾಡತೂಸನ್ನು ಚೇಂಬರಿಗೆ ತಳ್ಳಿ ಮುಚ್ಚುವ ಬೋಲ್ಟ್ ಇರುವ ಭಾಗ) ಸಡಿಲವಾಗಿ ಕುಳಿತಿದ್ದರೆ, ಸ್ಕೋಪಿನ ಮೌಂಟ್ ಅಲುಗುತ್ತಿದ್ದರೆ, ಬ್ಯಾರೆಲ್ ಸವೆದುಹೋಗಿದ್ದರೆ ಯಾವ ಹ್ಯಾಂಡ್‌ಲೋಡೂ ಅದನ್ನು ಸರಿಪಡಿಸಲಾರದು. ಸ್ಕ್ರೂಗಳನ್ನೆಲ್ಲ ಒಮ್ಮೆ ಪರೀಕ್ಷಿಸಿ, ಬ್ಯಾರೆಲನ್ನು ಸ್ವಚ್ಛಗೊಳಿಸಿ, ಆಮೇಲೆ ಕಾಡತೂಸು ತುಂಬುವ ಪ್ರೆಸ್ಸಿನ ಮುಂದೆ ಕೂರಬೇಕು.

ಅಪಾಯದ ಮಾತು ಮೊದಲು

ಮದ್ದು ಉರಿಯುವಾಗ ರೈಫಲ್‌ನ ಚೇಂಬರಿನಲ್ಲಿ ಹುಟ್ಟುವ ಒತ್ತಡ ಪ್ರತಿ ಚದರ ಇಂಚಿಗೆ 50,000 ಪೌಂಡ್‌ಗಳನ್ನು ದಾಟುವುದು ಸಾಮಾನ್ಯ, ಅದೂ ಶೂಟರ್‌ನ ಮುಖಕ್ಕೆ ಅತಿ ಸಮೀಪದಲ್ಲಿ. ಹಾಗಾಗಿ ಮದ್ದಿನ ಪ್ರಮಾಣವನ್ನು ಗೆಳೆಯರ ಬಾಯಿಮಾತಿನಿಂದಾಗಲಿ, ಎಲ್ಲೋ ಓದಿದ ಸಾಲಿನಿಂದಾಗಲಿ ತೆಗೆದುಕೊಳ್ಳಬಾರದು. ಮದ್ದು ತಯಾರಕರು ಪ್ರಕಟಿಸುವ ಲೋಡ್ ಕೋಷ್ಟಕದಲ್ಲಿ ನಿಮ್ಮ ಕಾಡತೂಸಿಗೂ ನಿಮ್ಮ ಗುಂಡಿನ ತೂಕಕ್ಕೂ ಕೊಟ್ಟಿರುವ ಆರಂಭದ ಪ್ರಮಾಣದಿಂದಲೇ ಹೊರಡಬೇಕು. ಈ ಕಾರಣಕ್ಕಾಗಿಯೇ ನಾನಿಲ್ಲಿ ಯಾವ ಮದ್ದಿನ ಪ್ರಮಾಣವನ್ನೂ ಬರೆಯುತ್ತಿಲ್ಲ. ಪ್ರೈಮರ್, ಕೇಸ್, ಗುಂಡು, ಮದ್ದು ಇವುಗಳಲ್ಲಿ ಒಂದನ್ನು ಬದಲಿಸಿದರೂ, ಅದೇ ಮದ್ದಿನ ಬೇರೆ ಲಾಟ್ (ಒಂದೇ ಬಾರಿಗೆ ತಯಾರಾದ ಕಂತು) ಬಂದರೂ, ಸ್ವಲ್ಪ ಕೆಳಗಿಳಿದು ಮತ್ತೆ ಮೇಲೇರಬೇಕು.

ಮೇಜಿನ ಮೇಲೆ ಒಂದೇ ಬಗೆಯ ಮದ್ದಿನ ಡಬ್ಬ ಇರಲಿ. ಕೆಲಸ ಮುಗಿದ ಕೂಡಲೇ, ಅಳತೆ ಮಾಡಿ ಸುರಿಯುವ ಮೆಷರ್‌ನಲ್ಲಿ ಉಳಿದ ಮದ್ದನ್ನು ಅದೇ ಡಬ್ಬಕ್ಕೆ ಹಿಂದಿರುಗಿಸಿ ಮುಚ್ಚಳ ಹಾಕಬೇಕು. ಕಣ್ಣಿಗೆ ಕನ್ನಡಕ ಬೇಕು, ಹತ್ತಿರದಲ್ಲಿ ಬೆಂಕಿ, ಸಿಗರೇಟು ಇರಬಾರದು, ಕೆಲಸ ಮುಗಿದ ಮೇಲೆ ಕೈ ತೊಳೆಯಬೇಕು, ಏಕೆಂದರೆ ಪ್ರೈಮರಿನ ಮಸಿಯಲ್ಲಿ ಸೀಸ ಇರುತ್ತದೆ. ಫೋನಿನಲ್ಲಿ ಮಾತನಾಡುತ್ತಾ ಕಾಡತೂಸು ತುಂಬುವುದು ಸಲ್ಲದು. ನೀವಿರುವ ಕಡೆ ಹ್ಯಾಂಡ್‌ಲೋಡಿಂಗ್‌ಗೆ ಕಾನೂನಿನ ಅನುಮತಿ ಇದೆಯೇ, ಮದ್ದು ಮತ್ತು ಪ್ರೈಮರುಗಳ ದಾಸ್ತಾನಿಗೆ ಯಾವ ಮಿತಿ ಇದೆ ಎಂಬುದನ್ನು ಆರಂಭಿಸುವ ಮುನ್ನವೇ ತಿಳಿದುಕೊಂಡಿರಬೇಕು.

ಗುಂಡು ಹಾರಿಸುವಾಗ ಒತ್ತಡ ಮಿತಿ ಮೀರಿದ ಲಕ್ಷಣಗಳನ್ನು ಗಮನಿಸುವುದನ್ನು ಕಲಿಯಬೇಕು. ಬೋಲ್ಟ್ ಎತ್ತಲು ಎಂದಿಗಿಂತ ಹೆಚ್ಚು ಬಲ ಬೇಕಾಗುವುದು, ಪ್ರೈಮರಿನ ಅಂಚುಗಳು ಚಪ್ಪಟೆಯಾಗಿ ಕುಳಿಯ ತುಂಬ ಹರಡಿಕೊಳ್ಳುವುದು, ಕೇಸಿನ ತಳದ ಮೇಲೆ ಖಾಲಿ ಕೇಸನ್ನು ಹೊರಕ್ಕೆಸೆಯುವ ಎಜೆಕ್ಟರಿನ ಹೊಳಪಾದ ಗುರುತು ಮೂಡುವುದು, ಪ್ರೈಮರ್ ಕುಳಿ ಸಡಿಲವಾಗಿ ಹೊಸ ಪ್ರೈಮರ್ ಸಲೀಸಾಗಿ ಜಾರಿ ಕೂರುವುದು, ಇವುಗಳಲ್ಲಿ ಒಂದು ಕಂಡರೂ ಅಲ್ಲಿಗೆ ನಿಲ್ಲಿಸಬೇಕು. ಈ ಗುರುತುಗಳು ಕಾಣದಿದ್ದ ಮಾತ್ರಕ್ಕೆ ಒತ್ತಡ ಮಿತಿಯೊಳಗಿದೆ ಎಂದು ಅರ್ಥವಲ್ಲ, ಅವು ಕೆಲವೊಮ್ಮೆ ತಡವಾಗಿ ಕಾಣುತ್ತವೆ.

ಹಿತ್ತಾಳೆ ಕೇಸ್: ಕತ್ತಿನಲ್ಲಿದೆ ಹೆಚ್ಚಿನ ಕೆಲಸ

ಹತ್ತಿರದ ದೂರಗಳ ಬೆಂಚ್‌ರೆಸ್ಟ್‌ನಲ್ಲಿ ದಶಕಗಳಿಂದ ಮುಂಚೂಣಿಯಲ್ಲಿರುವ ಕಾಡತೂಸು 6 ಪಿಪಿಸಿ. ಲೂಯಿ ಪಾಲ್ಮಿಸಾನೊ ಮತ್ತು ಫೆರಿಸ್ ಪಿಂಡೆಲ್ ಇಬ್ಬರೂ ಸೇರಿ 1975ರಲ್ಲಿ .220 ರಷ್ಯನ್ ಕೇಸನ್ನು ಆಧರಿಸಿ ಇದನ್ನು ರೂಪಿಸಿದರು. ಗಿಡ್ಡವಾದ, ದಪ್ಪನೆಯ ಮದ್ದಿನ ಕೋಣೆ ಮತ್ತು ಚಿಕ್ಕ ಪ್ರೈಮರ್ ಇದರ ಲಕ್ಷಣಗಳು. ಮುಂದಿನ ಉದಾಹರಣೆಗಳನ್ನು ಇದರಿಂದಲೇ ತೆಗೆದುಕೊಳ್ಳುತ್ತೇನೆ, ಆದರೆ ಕ್ರಮ ಯಾವ ಕಾಡತೂಸಿಗಾದರೂ ಒಂದೇ.

ಒಂದೇ ತಯಾರಕರ ಒಂದೇ ಲಾಟ್‌ನ ಕೇಸ್‌ಗಳನ್ನು ಕೊಳ್ಳಬೇಕು. ಹೊಸ ಕೇಸನ್ನು ಕೈಗೆತ್ತಿಕೊಂಡು ಬಾಲ್ ಮೈಕ್ರೋಮೀಟರಿನಿಂದ ಗುಂಡನ್ನು ಹಿಡಿಯುವ ಅದರ ಕತ್ತಿನ ಗೋಡೆಯ ದಪ್ಪವನ್ನು ಸುತ್ತಲೂ ಅಳೆದರೆ ಒಂದು ಬದಿ ಇನ್ನೊಂದು ಬದಿಗಿಂತ 0.001 ಇಂಚಿನಷ್ಟು ಅಥವಾ ಅದಕ್ಕೂ ಹೆಚ್ಚು ದಪ್ಪವಾಗಿರುವುದು ಕಾಣಸಿಗುತ್ತದೆ. ದಪ್ಪ ಬದಿ ಗುಂಡನ್ನು ತೆಳು ಬದಿಗೆ ತಳ್ಳುತ್ತದೆ, ಆಗ ಗುಂಡಿನ ಅಕ್ಷ ಬ್ಯಾರೆಲಿನ ಅಕ್ಷದಿಂದ ಸರಿದು ನಿಲ್ಲುತ್ತದೆ. ಅದಕ್ಕಾಗಿ ಕತ್ತನ್ನು ಹೊರಗಿನಿಂದ ಹೆರೆದು ಸಮಗೊಳಿಸುವ ನೆಕ್ ಟರ್ನಿಂಗ್ ಮಾಡುತ್ತಾರೆ. ಮೊದಲು ಕೇಸಿನ ಕತ್ತನ್ನು ಮ್ಯಾಂಡ್ರಲ್ ಎಂಬ ಉಕ್ಕಿನ ಕಡ್ಡಿಯ ಮೇಲೆ ಹಿಗ್ಗಿಸಿ, ಟರ್ನಿಂಗ್ ಉಪಕರಣದ ಕಡ್ಡಿಗೆ ತೆಳುವಾಗಿ ಎಣ್ಣೆ ಸವರಿ, ಕೇಸನ್ನು ಅದರ ಮೇಲೆ ನಿಧಾನವಾಗಿ ತಿರುಗಿಸುತ್ತಾ ಮುಂದೆ ತಳ್ಳಬೇಕು. ಹಿತ್ತಾಳೆಯ ಕೂದಲೆಳೆಯಂಥ ಸುರುಳಿ ಎದ್ದು ಬರುತ್ತದೆ. ಅವಸರದಲ್ಲಿ ತಳ್ಳಿದರೆ ಕತ್ತು ಬಿಸಿಯಾಗಿ ಹಿಗ್ಗಿ ಅಳತೆ ತಪ್ಪುತ್ತದೆ. ಆದ್ದರಿಂದ ಒಂದು ಕೇಸ್ ಮುಗಿದ ಮೇಲೆ ಕಡ್ಡಿ ಆರಲು ಬಿಟ್ಟು ಮುಂದಿನದಕ್ಕೆ ಹೋಗುವುದು ಒಳ್ಳೆಯದು. ಕತ್ತು ಮತ್ತು ಅದರ ಕೆಳಗಿನ ಇಳಿಜಾರಾದ ಭುಜ ಕೂಡುವ ಜಾಗದಲ್ಲಿ ಅಲಗು ಭುಜವನ್ನು ಸ್ವಲ್ಪವೇ ಮುಟ್ಟಿ ನಿಲ್ಲಬೇಕು, ಹೆಚ್ಚು ಒಳಗೆ ಹೋದರೆ ಅಲ್ಲಿ ಕೇಸ್ ಸೀಳುತ್ತದೆ.

ಎಷ್ಟು ಹೆರೆಯಬೇಕು ಎಂಬುದನ್ನು ನಿಮ್ಮ ಚೇಂಬರ್ ತೀರ್ಮಾನಿಸುತ್ತದೆ. ಚೇಂಬರಿನ ಕತ್ತು 0.262 ಇಂಚು ಎಂದುಕೊಳ್ಳಿ. 0.243 ಇಂಚಿನ ಗುಂಡಿನ ಎರಡೂ ಬದಿಗೆ 0.0087 ಇಂಚಿನ ಗೋಡೆ ಇದ್ದರೆ ತುಂಬಿದ ಕಾಡತೂಸಿನ ಕತ್ತು 0.2604 ಇಂಚಾಗುತ್ತದೆ, ಉಳಿಯುವ ಅವಕಾಶ 0.0016 ಇಂಚು. ಇದಕ್ಕಿಂತ ತೀರಾ ಕಡಿಮೆ ಅವಕಾಶವಿದ್ದರೆ, ಹಾರಿಸುವಾಗ ಕತ್ತು ಹಿಗ್ಗಿ ಗುಂಡನ್ನು ಬಿಡಲು ಜಾಗವೇ ಇಲ್ಲದೆ ಒತ್ತಡ ಅಪಾಯಕಾರಿಯಾಗಿ ಏರಬಲ್ಲದು. ಆದ್ದರಿಂದ ಬ್ಯಾರೆಲ್ ಮೇಲೆ ಕೆತ್ತಿರುವ ಚೇಂಬರ್ ಅಳತೆಯನ್ನು ನೋಡದೆ, ತುಂಬಿದ ಕಾಡತೂಸಿನ ಕತ್ತನ್ನು ಮೈಕ್ರೋಮೀಟರಿನಿಂದ ಅಳೆಯದೆ ಬಿಗಿ ಚೇಂಬರಿನಲ್ಲಿ ಒಂದೂ ಗುಂಡನ್ನು ಹಾರಿಸಬಾರದು. ಕಾರ್ಖಾನೆಯ ಸಾಮಾನ್ಯ ಚೇಂಬರಿನಲ್ಲಿ ಕತ್ತಿನ ಅವಕಾಶ ಮೊದಲೇ ಹೆಚ್ಚಿರುತ್ತದೆ. ಅಂಥ ರೈಫಲ್ ಇರುವವರು ಕತ್ತಿನ ಉಬ್ಬುಗಳನ್ನಷ್ಟೇ ತೆಗೆದರೆ ಸಾಕು, ಪೂರ್ತಿ ಹೆರೆದರೆ ಅವಕಾಶ ಇನ್ನೂ ಹೆಚ್ಚಿ ಕೇಸ್ ಬೇಗ ಹಾಳಾಗುತ್ತದೆಯೇ ಹೊರತು ಪ್ರಯೋಜನವಿಲ್ಲ.

ಎಲ್ಲ ಕೇಸ್‌ಗಳನ್ನೂ ಒಂದೇ ಉದ್ದಕ್ಕೆ ಕತ್ತರಿಸಿ ಬಾಯಂಚನ್ನು ಒಳಗೂ ಹೊರಗೂ ನಯಗೊಳಿಸಬೇಕು. ಪ್ರೈಮರ್ ಕುಳಿಯ ತಳವನ್ನು ಸಮತಟ್ಟು ಮಾಡುವುದು, ಪ್ರೈಮರಿನ ಕಿಡಿ ಮದ್ದಿಗೆ ಹಾಯುವ ಫ್ಲಾಶ್ ಹೋಲ್‌ನ ಒಳಗಿನ ಏಣನ್ನು ತೆಗೆಯುವುದು ಒಂದು ಬಾರಿಯ ಕೆಲಸ, ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ಮಾಡಿಬಿಡಿ. ಕೇಸ್‌ಗಳನ್ನು ತೂಕದ ಪ್ರಕಾರ ವಿಂಗಡಿಸುವುದಕ್ಕೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ; ಒಂದೇ ಲಾಟ್‌ನ ಉತ್ತಮ ಕೇಸ್‌ಗಳಲ್ಲಿ ಆ ವ್ಯತ್ಯಾಸದ ಗುರುತು 100 ಗಜದ ಕಾಗದದಲ್ಲಿ ಸಿಗುವುದು ಕಷ್ಟ.

ಸೈಜಿಂಗ್

ಹಾರಿಸಿದಾಗ ಹಿಗ್ಗುವ ಕೇಸನ್ನು ಡೈ ಎಂಬ ಉಕ್ಕಿನ ಅಚ್ಚಿನಲ್ಲಿ ಒತ್ತಿ ಮತ್ತೆ ಅಳತೆಗೆ ತರುವುದೇ ಸೈಜಿಂಗ್. ಹಿಂದೆ ಬೆಂಚ್‌ರೆಸ್ಟ್ ಶೂಟರುಗಳು ಕೇಸಿನ ಕತ್ತನ್ನು ಮಾತ್ರ ಸೈಜ್ ಮಾಡುತ್ತಿದ್ದರು. ಮೈಯನ್ನು ಚೇಂಬರಿನ ಆಕಾರದಲ್ಲೇ ಬಿಟ್ಟರೆ ಕಾಡತೂಸು ನಡುವಿಗೆ ಸರಿಯಾಗಿ ಕೂರುತ್ತದೆ ಎಂಬುದು ಆಗಿನ ತರ್ಕ. ಆದರೆ ಹಲವು ಬಾರಿ ಹಾರಿಸಿದ ಮೇಲೆ ಅಂಥ ಕೇಸ್ ಚೇಂಬರಿನಲ್ಲಿ ಬಿಗಿಯಾಗತೊಡಗುತ್ತದೆ, ಬೋಲ್ಟ್ ಮುಚ್ಚುವಾಗಲೂ ಎತ್ತುವಾಗಲೂ ಬಲ ಬೇಕಾಗುತ್ತದೆ, ಆ ಬಲಕ್ಕೆ ರೈಫಲ್ ಮರಳು ಚೀಲದ ಮೇಲೆ ಕದಲುತ್ತದೆ. ಇಂದು ಬಹುಪಾಲು ಜನ ಪ್ರತಿ ಬಾರಿಯೂ ಪೂರ್ತಿ ಕೇಸನ್ನು ಸೈಜ್ ಮಾಡುತ್ತಾರೆ, ಆದರೆ ಬೇಕಾದಷ್ಟೇ. ಭುಜವನ್ನು 0.001ರಿಂದ 0.002 ಇಂಚು ಮಾತ್ರ ಹಿಂದಕ್ಕೆ ತಳ್ಳಬೇಕು. ಇದನ್ನು ಕಣ್ಣಂದಾಜಿನಲ್ಲಿ ಮಾಡಲಾಗದು. ಕ್ಯಾಲಿಪರಿಗೆ ತಳದಿಂದ ಭುಜದವರೆಗಿನ ಉದ್ದ ತೋರಿಸುವ ಹೆಡ್‌ಸ್ಪೇಸ್ ಕಂಪ್ಯಾರೇಟರ್ ಸಿಕ್ಕಿಸಿ, ಹಾರಿಸಿದ ಕೇಸನ್ನು ಪ್ರೈಮರ್ ತೆಗೆದ ಮೇಲೆ ಅಳೆದು ಬರೆದಿಟ್ಟು, ಡೈಯನ್ನು ಸ್ವಲ್ಪ ಸ್ವಲ್ಪವೇ ಕೆಳಕ್ಕೆ ತಿರುಗಿಸುತ್ತಾ ಪ್ರತಿ ಬಾರಿ ಅಳೆಯಬೇಕು. ಭುಜವನ್ನು ಹೆಚ್ಚಾಗಿ ಹಿಂದಕ್ಕೆ ತಳ್ಳುತ್ತಾ ಹೋದರೆ ಪ್ರತಿ ಬಾರಿ ಹಾರಿಸಿದಾಗಲೂ ಕೇಸ್ ಎಳೆದಂತಾಗಿ ತಳದ ಹತ್ತಿರ ಗೋಡೆ ತೆಳುವಾಗುತ್ತದೆ, ಕೊನೆಗೆ ಅಲ್ಲಿಯೇ ತುಂಡಾಗುತ್ತದೆ.

ಕತ್ತಿಗೆ ಬುಷಿಂಗ್ (ಕತ್ತನ್ನು ಒತ್ತುವ ಬಿಡಿ ಬಳೆ) ಇರುವ ಡೈ ಉತ್ತಮ, ಏಕೆಂದರೆ ಬುಷಿಂಗ್ ಬದಲಿಸಿ ಗುಂಡಿನ ಮೇಲಿನ ಹಿಡಿತವನ್ನು ಬದಲಿಸಬಹುದು. ಮೇಲಿನ ಉದಾಹರಣೆಯಲ್ಲಿ ತುಂಬಿದ ಕತ್ತು 0.2604 ಇಂಚು ಇದ್ದದ್ದರಿಂದ 0.258 ಇಂಚಿನ ಬುಷಿಂಗ್ ಹಾಕಿದರೆ ಸುಮಾರು 0.002 ಇಂಚಿನ ಹಿಡಿತ ಸಿಗುತ್ತದೆ. ಹಿತ್ತಾಳೆ ಸ್ವಲ್ಪ ಮರಳಿ ಹಿಗ್ಗುವುದರಿಂದ ಲೆಕ್ಕಕ್ಕೂ ನಿಜಕ್ಕೂ ತುಸು ಅಂತರವಿರುತ್ತದೆ. ಹಲವು ಬಾರಿ ಹಾರಿಸಿದಂತೆ ಕತ್ತು ಗಡಸಾಗಿ ಈ ಹಿಗ್ಗುವಿಕೆ ಹೆಚ್ಚುತ್ತದೆ, ಹಿಡಿತ ಒಂದೊಂದು ಕೇಸಿಗೆ ಒಂದೊಂದು ಥರವಾಗುತ್ತದೆ. ಕತ್ತು ಮತ್ತು ಭುಜವನ್ನು ಕಾಯಿಸಿ ಮೃದುಗೊಳಿಸುವ ಅನೀಲಿಂಗ್ ಇದಕ್ಕೆ ಪರಿಹಾರ. ಆದರೆ ಶಾಖ ಕೇಸಿನ ತಳದತ್ತ ಇಳಿಯಲೇಬಾರದು. ತಳ ಮೃದುವಾದ ಕೇಸ್ ಒತ್ತಡವನ್ನು ತಡೆಯಲಾರದು, ಅಂಥದನ್ನು ಎಸೆಯುವುದೊಂದೇ ದಾರಿ.

ಪ್ರೈಮರ್ ಮತ್ತು ಮದ್ದು

ಪ್ರೈಮರನ್ನು ಕೈ ಉಪಕರಣದಿಂದ ಕೂರಿಸುವುದು ಒಳ್ಳೆಯದು, ಏಕೆಂದರೆ ಅದು ಕುಳಿಯ ತಳಕ್ಕೆ ತಾಗಿದ್ದು ಬೆರಳಿಗೆ ಗೊತ್ತಾಗುತ್ತದೆ. ಕೇಸಿನ ತಳದ ಮಟ್ಟಕ್ಕಿಂತ ಅದು ಸ್ವಲ್ಪ ಒಳಗಿರಬೇಕು, 0.003ರಿಂದ 0.005 ಇಂಚಿನಷ್ಟು. ಹೊರಕ್ಕೆ ಚಾಚಿದ ಪ್ರೈಮರ್ ಬೋಲ್ಟ್ ಮುಚ್ಚುವಾಗಲೇ ಸಿಡಿಯುವ ಅಪಾಯವಿದೆ. ತಳ ಮುಟ್ಟದ ಪ್ರೈಮರ್‌ನಲ್ಲಿ ಫೈರಿಂಗ್ ಪಿನ್ನಿನ (ಪ್ರೈಮರನ್ನು ಹೊಡೆಯುವ ಮೊಳೆ) ಬಲದ ಒಂದು ಪಾಲು ಅದನ್ನು ಕೂರಿಸುವುದರಲ್ಲೇ ಕಳೆದುಹೋಗಿ ಹೊತ್ತಿಕೊಳ್ಳುವುದು ಏರುಪೇರಾಗುತ್ತದೆ.

ಮದ್ದನ್ನು ಎಷ್ಟು ನಿಖರವಾಗಿ ತೂಗಬೇಕು ಎಂಬ ಪ್ರಶ್ನೆಗೆ ಉತ್ತರ ದೂರದ ಮೇಲೆ ನಿಂತಿದೆ, ಇದನ್ನು ಸ್ವಲ್ಪ ಲೆಕ್ಕ ಹಾಕಿ ನೋಡುವುದು ಉಪಯುಕ್ತ. ಸೆಕೆಂಡಿಗೆ ಸುಮಾರು 1,000 ಮೀಟರ್ ವೇಗದಲ್ಲಿ ಹೊರಟ ಹಗುರ ಗುಂಡು 100 ಗಜ ತಲುಪಲು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ತುಸು ಕಡಿಮೆ ಹೊತ್ತು ಸಾಕು. ಅಷ್ಟರಲ್ಲಿ ಅದು ಗುರುತ್ವದಿಂದ ಬೀಳುವುದು ನಾಲ್ಕೈದು ಸೆಂಟಿಮೀಟರ್. ವೇಗ ಶೇಕಡಾ ಒಂದರಷ್ಟು ಬದಲಾದರೆ ಆ ಬೀಳುವಿಕೆ ಶೇಕಡಾ ಎರಡರಷ್ಟು ಬದಲಾಗುತ್ತದೆ, ಅಂದರೆ ಒಂದು ಮಿಲಿಮೀಟರಿಗೂ ಕಡಿಮೆ. ಅದೇ 1,000 ಗಜದ ಸ್ಪರ್ಧೆಯಲ್ಲಿ, ಸೆಕೆಂಡಿಗೆ 900 ಮೀಟರ್ ವೇಗದ ಉದ್ದನೆಯ 6 ಮಿಲಿಮೀಟರ್ ಗುಂಡಿಗೆ ಅದೇ ಶೇಕಡಾ ಒಂದರ ವ್ಯತ್ಯಾಸ ಹದಿನೈದು ಇಪ್ಪತ್ತು ಸೆಂಟಿಮೀಟರಿನ ಏರಿಳಿತವಾಗಿ ಕಾಣುತ್ತದೆ. ಹತ್ತಿರದ ದೂರದ ಅನೇಕ ಒಳ್ಳೆಯ ಶೂಟರುಗಳು ಮದ್ದನ್ನು ತೂಗದೆ ಮೆಷರ್‌ನಿಂದ ಅಳತೆಯಲ್ಲೇ ಸುರಿದು ಗೆಲ್ಲುವುದಕ್ಕೂ, ದೂರದ ಸ್ಪರ್ಧೆಯವರು ಪ್ರತಿ ಚಾರ್ಜನ್ನೂ ಸೂಕ್ಷ್ಮ ತಕ್ಕಡಿಯಲ್ಲಿ ಕಾಳಿನ ಮಟ್ಟಕ್ಕೆ ತೂಗುವುದಕ್ಕೂ ಇದೇ ಕಾರಣ. ಕಡ್ಡಿ ಆಕಾರದ ಮದ್ದಿನ ಒಂದು ಕಾಳು 0.02 ಗ್ರೇನ್ ಆಸುಪಾಸು ತೂಗುತ್ತದೆ. ಒಂದು ಪೌಂಡಿಗೆ 7,000 ಗ್ರೇನ್ ಎಂಬ ಲೆಕ್ಕದಲ್ಲಿ ಅದು ಎಷ್ಟು ಚಿಕ್ಕದೆಂದು ಊಹಿಸಬಹುದು. 100 ಗಜಕ್ಕೆ ಹಾರಿಸುವವರು ಒಂದು ಕಾಳಿಗಾಗಿ ಗಂಟೆಗಟ್ಟಲೆ ಕೂರುವ ಬದಲು ಆ ಹೊತ್ತನ್ನು ಗಾಳಿ ಓದುವ ಅಭ್ಯಾಸಕ್ಕೆ ಕೊಡಲಿ.

ಮೆಷರ್ ಬಳಸುವವರು ಹಿಡಿಯನ್ನು ಪ್ರತಿ ಬಾರಿ ಒಂದೇ ವೇಗದಲ್ಲಿ ಎತ್ತಿ ಒಂದೇ ಬಲದಲ್ಲಿ ಇಳಿಸಬೇಕು, ಮದ್ದಿನ ಬಾಟಲಿ ಅರ್ಧಕ್ಕಿಂತ ಕೆಳಗಿಳಿಯಲು ಬಿಡಬಾರದು. ಮೊದಲ ಕೆಲವು ಚಾರ್ಜುಗಳನ್ನು ಬಾಟಲಿಗೇ ಹಿಂದಿರುಗಿಸಿ, ನಂತರದ ಹತ್ತನ್ನು ಒಂದೊಂದಾಗಿ ತೂಗಿ ನೋಡಿದರೆ ನಿಮ್ಮ ಕೈ ಎಷ್ಟು ಸ್ಥಿರವಾಗಿದೆ ಎಂಬುದು ಗೊತ್ತಾಗುತ್ತದೆ. ವಿದ್ಯುನ್ಮಾನ ತಕ್ಕಡಿಯನ್ನು ಮೊದಲೇ ಚಾಲೂ ಮಾಡಿ ಬಿಸಿಯಾಗಲು ಬಿಟ್ಟು, ಪರೀಕ್ಷಾ ತೂಕವಿಟ್ಟು ಖಾತ್ರಿಪಡಿಸಿಕೊಂಡು, ಫ್ಯಾನಿನ ಗಾಳಿಯಿಂದ ದೂರವಿಡಬೇಕು. ಕೇಸುಗಳಿಗೆಲ್ಲ ಮದ್ದು ಹಾಕಿ ಮುಗಿದ ಮೇಲೆ ಗುಂಡು ಕೂರಿಸುವ ಮುನ್ನ ಟ್ರೇಯ ಮೇಲೆ ದೀಪ ಹಿಡಿದು ಒಂದೊಂದು ಕೇಸಿನೊಳಗೂ ಇಣುಕಿ ನೋಡಿ. ಒಂದರಲ್ಲಿ ಮದ್ದು ಇಲ್ಲದಿರುವುದೋ ಎರಡು ಪಾಲು ಬಿದ್ದಿರುವುದೋ ಇದ್ದರೆ ಇಲ್ಲಿಯೇ ಸಿಕ್ಕಿಬೀಳಬೇಕು.

ಮದ್ದು ಹೊರಗಿನ ತಾಪಮಾನಕ್ಕೂ ತೇವಕ್ಕೂ ಸ್ಪಂದಿಸುತ್ತದೆ. ಬೆಳಗಿನ ತಂಪಿನಲ್ಲಿ ಹದವಾಗಿದ್ದ ಲೋಡ್ ನಡುಮಧ್ಯಾಹ್ನದ ಹೊತ್ತಿಗೆ ಹದ ತಪ್ಪುವುದುಂಟು. ಹತ್ತಿರದ ದೂರದ ಸ್ಪರ್ಧಿಗಳು ಕೈ ಡೈ, ಕೈಯಿಂದ ಒತ್ತುವ ಚಿಕ್ಕ ಆರ್ಬರ್ ಪ್ರೆಸ್, ಮೆಷರ್ ಎಲ್ಲವನ್ನೂ ರೇಂಜಿಗೇ ಕೊಂಡೊಯ್ದು, ಒಂದು ಸುತ್ತು ಮುಗಿದ ಕೂಡಲೇ ಅವೇ ಕೆಲವು ಕೇಸ್‌ಗಳನ್ನು ಮತ್ತೆ ತುಂಬಿ, ಅಂದಿನ ಹವೆಗೆ ತಕ್ಕಂತೆ ಮದ್ದನ್ನು ತುಸು ಏರಿಳಿಸಿಕೊಳ್ಳುವುದು ಇದಕ್ಕಾಗಿಯೇ. ಕಾಡತೂಸನ್ನು ಬಿಸಿಲಿನಲ್ಲಿಡುವುದು, ಬಿಸಿಯಾದ ಚೇಂಬರಿನಲ್ಲಿ ಹಾಕಿಟ್ಟು ಗಾಳಿಗಾಗಿ ಕಾಯುವುದು ಎರಡೂ ವೇಗವನ್ನೂ ಒತ್ತಡವನ್ನೂ ಏರಿಸುತ್ತವೆ.

ಗುಂಡು ಎಷ್ಟು ಆಳಕ್ಕೆ ಕೂರಬೇಕು

ನನ್ನ ಮಟ್ಟಿಗೆ ಇಡೀ ಕೆಲಸದಲ್ಲಿ ಅತ್ಯಂತ ಫಲ ಕೊಡುವ ಹಂತ ಇದು. ಬ್ಯಾರೆಲಿನೊಳಗೆ ಸುರುಳಿ ಗೀರುಗಳು ಆರಂಭವಾಗುವ ಜಾಗದಲ್ಲಿ ಎದ್ದು ನಿಂತಿರುವ ಏಣುಗಳನ್ನು ಲ್ಯಾಂಡ್ ಎನ್ನುತ್ತೇವೆ. ಬೋಲ್ಟ್ ಮುಚ್ಚಿದಾಗ ಗುಂಡು ಅವುಗಳನ್ನು ಒತ್ತಿ ನಿಂತಿದೆಯೇ, ಮೆಲ್ಲಗೆ ತಾಗಿದೆಯೇ, ಸ್ವಲ್ಪ ಹಿಂದಿದೆಯೇ ಎಂಬುದರ ಮೇಲೆ ಗ್ರೂಪಿನ ಗಾತ್ರ ಕಣ್ಣಿಗೆ ಹೊಡೆಯುವಷ್ಟು ಬದಲಾಗುತ್ತದೆ.

ಆಳವನ್ನು ಗುಂಡಿನ ತುದಿಯಿಂದ ಅಳೆಯಬಾರದು. ಒಂದೇ ಡಬ್ಬದ ಗುಂಡುಗಳಲ್ಲೂ ತುದಿಯ ಉದ್ದ ಏರುಪೇರಾಗಿರುತ್ತದೆ. ಲ್ಯಾಂಡಿಗೆ ತಾಗುವುದು ತುದಿಯಲ್ಲ, ಅದರ ಕೆಳಗಿನ ಬಾಗು. ಆ ಬಾಗಿನ ಮೇಲೆ ಕೂರುವ ಕಂಪ್ಯಾರೇಟರ್ ಬಳಸಿ ಕೇಸಿನ ತಳದಿಂದ ಅಲ್ಲಿಯವರೆಗೆ ಅಳೆಯಬೇಕು. ಮೊದಲ ಕೆಲಸ ನಿಮ್ಮ ಚೇಂಬರಿನಲ್ಲಿ ಗುಂಡು ಲ್ಯಾಂಡಿಗೆ ತಾಗುವ ಬಿಂದುವನ್ನು ಕಂಡುಹಿಡಿಯುವುದು. ಬೋಲ್ಟಿನಿಂದ ಫೈರಿಂಗ್ ಪಿನ್ನನ್ನೂ ಎಜೆಕ್ಟರನ್ನೂ ತೆಗೆದು, ಮದ್ದಾಗಲಿ ಪ್ರೈಮರಾಗಲಿ ಇಲ್ಲದ ಸೈಜ್ ಮಾಡಿದ ಕೇಸಿನಲ್ಲಿ ಗುಂಡನ್ನು ಬೇಕೆಂದೇ ಉದ್ದವಾಗಿ ಕೂರಿಸಿ ಚೇಂಬರಿಗೆ ಹಾಕಿ ನೋಡಿ. ಬೋಲ್ಟಿನ ಹಿಡಿ ತನ್ನ ಭಾರಕ್ಕೆ ಇಳಿಯುವುದಿಲ್ಲ. ಗುಂಡನ್ನು 0.002 ಇಂಚಿನಂತೆ ಒಳಗೆ ತಳ್ಳುತ್ತಾ ಮತ್ತೆ ಮತ್ತೆ ಹಾಕಿ ನೋಡಿದರೆ ಒಂದು ಹಂತದಲ್ಲಿ ಹಿಡಿ ತಾನಾಗಿ ಕೆಳಗೆ ಬೀಳುತ್ತದೆ, ಎತ್ತುವಾಗಲೂ ಗುಂಡು ಎಲ್ಲೂ ಕಚ್ಚುವುದಿಲ್ಲ. ಆ ಉದ್ದವನ್ನು ಅಳೆದು, ಗುಂಡಿನ ಲಾಟ್ ಮತ್ತು ದಿನಾಂಕದೊಂದಿಗೆ ಬರೆದಿಡಬೇಕು. ಅದು ನಿಮ್ಮ ಸೊನ್ನೆ.

ಹತ್ತಿರದ ದೂರಕ್ಕೆ ಬಳಸುವ 62ರಿಂದ 68 ಗ್ರೇನಿನ ಚಪ್ಪಟೆ ತಳದ ಗುಂಡುಗಳು ಸಾಮಾನ್ಯವಾಗಿ ಲ್ಯಾಂಡನ್ನು ತುಸು ಒತ್ತಿ ನಿಂತಾಗ ಚೆನ್ನಾಗಿ ನಡೆಯುತ್ತವೆ; ಉದ್ದನೆಯ ದೋಣಿ ತಳದ ಗುಂಡುಗಳು ಕೆಲವೊಮ್ಮೆ ಒತ್ತಿ, ಕೆಲವೊಮ್ಮೆ ಹಿಂದೆ ನಿಂತು ಹದಕ್ಕೆ ಬರುತ್ತವೆ. 0.003 ಇಂಚಿನ ಹೆಜ್ಜೆಗಳಲ್ಲಿ ಸೊನ್ನೆಯ ಎರಡೂ ಬದಿಗೆ ಹೋಗಿ ನೋಡಿ. ಗುಂಡು ಲ್ಯಾಂಡಿಗೆ ತಾಗಿ ನಿಂತಾಗ ಒತ್ತಡ ಏರುತ್ತದೆ ಎಂಬುದನ್ನು ಮರೆಯಬಾರದು. ಹಿಂದೆ ನಿಂತ ಗುಂಡಿಗೆ ಕಂಡುಕೊಂಡ ಗರಿಷ್ಠ ಮದ್ದಿನ ಪ್ರಮಾಣವನ್ನು ಹಾಗೆಯೇ ಇಟ್ಟುಕೊಂಡು ಗುಂಡನ್ನು ಮುಂದಕ್ಕೆ ತರಬಾರದು, ಮೊದಲು ಮದ್ದನ್ನು ಇಳಿಸಬೇಕು. ಇನ್ನೊಂದು ತೊಂದರೆಯೂ ಇದೆ. ಬಿಗಿಯಾಗಿ ಒತ್ತಿ ನಿಂತ ಕಾಡತೂಸನ್ನು ಹಾರಿಸದೆ ಹೊರತೆಗೆದರೆ ಗುಂಡು ಬ್ಯಾರೆಲಿನಲ್ಲೇ ಸಿಕ್ಕಿಕೊಂಡು ಕೇಸ್ ಮಾತ್ರ ಹೊರಬಂದು, ಮದ್ದೆಲ್ಲ ಆಕ್ಷನ್ನಿನೊಳಗೆ ಚೆಲ್ಲಬಹುದು. ಸ್ಪರ್ಧೆಯಲ್ಲಿ ಗುಂಡು ಹಾರಿಸುವುದನ್ನು ನಿಲ್ಲಿಸಲು ಆದೇಶ ಬರುವ ಸಾಧ್ಯತೆ ಇದ್ದರೆ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ. ಅಂಥ ಗುಂಡನ್ನು ಬ್ಯಾರೆಲಿನ ಬಾಯಿಯಿಂದ ಕ್ಲೀನಿಂಗ್ ರಾಡ್ ಹಾಕಿ ಮೆಲ್ಲಗೆ ತಳ್ಳಿ ತೆಗೆಯಬೇಕೇ ಹೊರತು ಇನ್ನೊಂದು ಕಾಡತೂಸಿನಿಂದ ಹೊಡೆದು ತೆಗೆಯಲು ಯಾವ ಕಾರಣಕ್ಕೂ ಹೋಗಬಾರದು.

ಆರ್ಬರ್ ಪ್ರೆಸ್ಸಿನಲ್ಲಿ ಗುಂಡು ಕೂರಿಸುವಾಗ ಹಿಡಿಯ ಮೇಲಿನ ಅಂಗೈ ಬಹಳಷ್ಟನ್ನು ಹೇಳುತ್ತದೆ. ಹತ್ತು ಗುಂಡುಗಳು ಒಂದೇ ನಯದಲ್ಲಿ ಇಳಿದು ಹನ್ನೊಂದನೆಯದು ಬೇರೆ ಬಲ ಕೇಳಿದರೆ, ಆ ಕೇಸಿನ ಕತ್ತಿನ ಹಿಡಿತ ಬೇರೆಯಾಗಿದೆ ಎಂದರ್ಥ. ಅದಕ್ಕೊಂದು ಗುರುತು ಹಾಕಿ ಪಕ್ಕಕ್ಕಿಟ್ಟು, ಬ್ಯಾರೆಲ್ ಕಾಯಿಸುವ ಗುಂಡಾಗಿ ಬಳಸಬೇಕು. ಡಯಲ್ ಇಂಡಿಕೇಟರಿನಲ್ಲಿ ತುಂಬಿದ ಕಾಡತೂಸನ್ನು ತಿರುಗಿಸಿ ಓರೆ ಅಳೆಯುವುದು ಲೋಡನ್ನು ಉತ್ತಮಪಡಿಸುವುದಕ್ಕಿಂತ ಹೆಚ್ಚಾಗಿ ಡೈಗಳ ದೋಷ ಹಿಡಿಯಲು ಉಪಯೋಗಕ್ಕೆ ಬರುತ್ತದೆ: ಓರೆ ಹೆಚ್ಚಿದ್ದರೆ ಸೈಜ್ ಮಾಡಿದ ಕೇಸನ್ನೂ ತಿರುಗಿಸಿ ನೋಡಿ, ಅಲ್ಲಿಯೇ ಓರೆ ಇದ್ದರೆ ತಪ್ಪು ಸೈಜಿಂಗ್ ಡೈಯದು, ಅಲ್ಲಿಲ್ಲದಿದ್ದರೆ ಗುಂಡು ಕೂರಿಸುವ ಡೈಯದು.

ಹದ ಹುಡುಕುವುದು

ಒಂದು ಬಾರಿಗೆ ಒಂದನ್ನೇ ಬದಲಿಸಬೇಕು. ಮೊದಲು ಗುಂಡಿನ ಆಳವನ್ನು ಒಂದು ಕಡೆ ಸ್ಥಿರವಾಗಿಟ್ಟು ಮದ್ದನ್ನು 0.2 ಅಥವಾ 0.3 ಗ್ರೇನಿನ ಹೆಜ್ಜೆಯಲ್ಲಿ ಕೋಷ್ಟಕದ ಮಿತಿಯೊಳಗೆ ಏರಿಸುತ್ತಾ ನೋಡಿ. ಅಕ್ಕಪಕ್ಕದ ಎರಡು ಮೂರು ಹೆಜ್ಜೆಗಳಲ್ಲಿ ಗುಂಡುಗಳು ಒಂದೇ ಎತ್ತರಕ್ಕೆ ಬೀಳುವ ಜಾಗ ಸಿಕ್ಕರೆ ಅದರ ನಡುವಿನ ಪ್ರಮಾಣವನ್ನು ಹಿಡಿಯಬೇಕು. ಅಂಥಲ್ಲಿ ಹವೆ ತುಸು ಬದಲಾದರೂ ಗ್ರೂಪ್ ಕೆಡುವುದಿಲ್ಲ. ಒಂದೇ ಪ್ರಮಾಣದಲ್ಲಿ ಮಾತ್ರ ಚಿಕ್ಕದಾಗಿ ಅದರ ಅಕ್ಕಪಕ್ಕದಲ್ಲಿ ಹರಡುವ ಲೋಡ್ ಕಣ್ಣಿಗೆ ಎಷ್ಟೇ ಚೆಂದ ಕಂಡರೂ ನಾನು ಅದನ್ನು ಆರಿಸುವುದಿಲ್ಲ. ಆಮೇಲೆ ಗುಂಡಿನ ಆಳ, ಕೊನೆಗೆ ಬುಷಿಂಗ್.

ಕಾಗದವನ್ನು ಓದುವಾಗ ಅಡ್ಡ ಹರಡಿಕೆಯನ್ನೂ ಎತ್ತರದ ಹರಡಿಕೆಯನ್ನೂ ಬೇರ್ಪಡಿಸಿ ನೋಡಬೇಕು. ಸೆಕೆಂಡಿಗೆ ಒಂದು ಮೀಟರ್ ಅಡ್ಡಗಾಳಿ, ಅಂದರೆ ಮುಖಕ್ಕೆ ಸುಳಿದದ್ದು ತಿಳಿಯುವಷ್ಟೇ ಗಾಳಿ, 100 ಗಜದಲ್ಲೇ ಹಗುರ 6 ಮಿಲಿಮೀಟರ್ ಗುಂಡನ್ನು ಸುಮಾರು 5 ಮಿಲಿಮೀಟರ್ ಬದಿಗೆ ಸರಿಸುತ್ತದೆ. ನೀವು ಹುಡುಕುತ್ತಿರುವ ಇಡೀ ಗ್ರೂಪಿನ ಅಳತೆಯೇ ಅಷ್ಟು! ಆದ್ದರಿಂದ ಗಾಳಿ ಬಾವುಟಗಳನ್ನು ನೆಡದೆ ಲೋಡ್ ಪರೀಕ್ಷೆ ಮಾಡುವುದು ಮದ್ದನ್ನೂ ಬ್ಯಾರೆಲನ್ನೂ ವ್ಯರ್ಥ ಮಾಡಿದಂತೆ. ಬೆಂಚಿನಿಂದ ಗುರಿಯವರೆಗೆ ಮೂರು ನಾಲ್ಕು ಕಡೆ ಬಾವುಟವಿಟ್ಟು, ಐದೂ ಗುಂಡುಗಳನ್ನು ಬಾವುಟಗಳು ಒಂದೇ ಸ್ಥಿತಿಯಲ್ಲಿರುವಾಗ ಹಾರಿಸಬೇಕು. ಬಿಸಿಲೇರಿ ಬಿಸಿಲ್ಗುದುರೆ ಕುಣಿಯತೊಡಗಿದರೆ ಸ್ಕೋಪಿನಲ್ಲಿ ಗುರಿಯೇ ಸ್ಥಾನ ಬದಲಿಸಿದಂತೆ ಕಾಣುತ್ತದೆ, ಅಂಥ ಹೊತ್ತಿನ ಗ್ರೂಪುಗಳಿಂದ ತೀರ್ಮಾನಕ್ಕೆ ಬರುವುದು ಬೇಡ. ಗಾಳಿ ಅಡ್ಡಕ್ಕೆ ಹರಡಿಸುವಷ್ಟು ಸುಲಭವಾಗಿ ಎತ್ತರದಲ್ಲಿ ಹರಡಿಸುವುದಿಲ್ಲವಾದ್ದರಿಂದ, ಲೋಡಿನ ಗುಣವನ್ನು ಅಳೆಯಲು ನಾನು ಮೊದಲು ನೋಡುವುದು ಎತ್ತರದ ಹರಡಿಕೆಯನ್ನೇ.

ಐದು ಗುಂಡಿನ ಒಂದೇ ಗ್ರೂಪನ್ನು ನಂಬಬಾರದು. ಸರಾಸರಿ 8 ಮಿಲಿಮೀಟರ್ ಕೊಡುವ ಲೋಡೊಂದು ಏನನ್ನೂ ಬದಲಿಸದೆಯೇ ಒಮ್ಮೆ 5, ಮತ್ತೊಮ್ಮೆ 11 ಮಿಲಿಮೀಟರ್ ಕೊಡುವುದು ತೀರಾ ಸಹಜ. ಆ 5 ಮಿಲಿಮೀಟರನ್ನು ಹಿಡಿದು ಸಂಭ್ರಮಿಸಿದವರು ಮರುದಿನ ಹದ ಕೆಟ್ಟಿತೆಂದು ಕಾರಣ ಹುಡುಕುತ್ತಾ ಹೋಗುತ್ತಾರೆ, ಕೆಟ್ಟದ್ದು ಏನೂ ಇರುವುದಿಲ್ಲ. ಸ್ಪರ್ಧೆಗಳಲ್ಲಿ ಐದು ಗ್ರೂಪುಗಳ ಸರಾಸರಿಯನ್ನು ಪರಿಗಣಿಸುವುದು ನ್ಯಾಯವಾದ ಕ್ರಮ, ಮನೆಯ ಪರೀಕ್ಷೆಗೂ ಅದನ್ನೇ ಪಾಲಿಸಬೇಕು. ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫಿನ ಅಂಕಿಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಅತಿ ಹೆಚ್ಚಿನ ಮತ್ತು ಅತಿ ಕಡಿಮೆ ವೇಗದ ನಡುವಿನ ಅಂತರ ಗುಂಡುಗಳ ಸಂಖ್ಯೆ ಹೆಚ್ಚಿದಂತೆಲ್ಲ ತಾನಾಗಿ ಹಿಗ್ಗುತ್ತದೆ: ಐದು ಗುಂಡುಗಳಲ್ಲಿ ಅದು ಸರಾಸರಿ ಮಾನಕ ವಿಚಲನೆಯ (ಸರಾಸರಿಯ ಸುತ್ತಲಿನ ಹರಡಿಕೆಯ ಅಳತೆ) 2.3 ಪಟ್ಟು, ಹತ್ತರಲ್ಲಿ 3.1 ಪಟ್ಟು. ಒಂದು ಲೋಡಿನ ಐದು ಗುಂಡುಗಳನ್ನು ಇನ್ನೊಂದರ ಹತ್ತರೊಂದಿಗೆ ಹೋಲಿಸಿದರೆ ಐದರದ್ದೇ ಉತ್ತಮವೆಂದು ಸುಳ್ಳಾಗಿ ತೋರುತ್ತದೆ.

ಸ್ವಚ್ಛ ಬ್ಯಾರೆಲಿನ ಮೊದಲ ಒಂದೆರಡು ಗುಂಡುಗಳು ಸಾಮಾನ್ಯವಾಗಿ ಬೇರೆ ಕಡೆ ಬೀಳುತ್ತವೆ, ಅವನ್ನು ಗುರಿಯ ಬದಿಗೆ ಹಾರಿಸಿಬಿಡಿ. ಬರೆದಿಡುವ ಪುಸ್ತಕದಲ್ಲಿ ಪ್ರತಿ ಗ್ರೂಪಿನ ಜೊತೆ ಮದ್ದಿನ ಲಾಟ್, ಗುಂಡಿನ ಲಾಟ್, ತಳದಿಂದ ಬಾಗಿನವರೆಗಿನ ಉದ್ದ, ಬುಷಿಂಗ್, ತಾಪಮಾನ, ಗಾಳಿಯ ದಿಕ್ಕು, ಆ ಕೇಸ್ ಎಷ್ಟನೆಯ ಬಾರಿ ಹಾರುತ್ತಿದೆ ಎಂಬ ವಿವರಗಳು ಇರಲಿ, ಗುರಿಯ ಕಾಗದವನ್ನೂ ಅದರಲ್ಲೇ ಅಂಟಿಸಬಹುದು. ಗುಂಡಿನ ಹೊಸ ಲಾಟ್ ತೆರೆದಾಗ ಸೊನ್ನೆಯನ್ನು ಮತ್ತೆ ಅಳೆಯಬೇಕು, ಏಕೆಂದರೆ ಬಾಗಿನ ಆಕಾರ ಬದಲಾಗಿರಬಹುದು. ಬ್ಯಾರೆಲ್ ಹಳೆಯದಾದಂತೆ ಬಿಸಿ ಅನಿಲಕ್ಕೆ ಲ್ಯಾಂಡಿನ ಆರಂಭ ಸವೆದು ಮುಂದಕ್ಕೆ ಸರಿಯುತ್ತದೆ. ಪ್ರತಿ ಇನ್ನೂರು ಮುನ್ನೂರು ಗುಂಡುಗಳಿಗೊಮ್ಮೆ ಅದನ್ನು ಅಳೆದು, ಸರಿದಷ್ಟನ್ನು ಗುಂಡಿನ ಉದ್ದಕ್ಕೆ ಸೇರಿಸಿ, ಐದು ಗ್ರೂಪುಗಳನ್ನು ಮತ್ತೆ ಹಾರಿಸಿ ಹಳೆಯ ಸರಾಸರಿಯೊಂದಿಗೆ ಹೋಲಿಸಿ ನೋಡಬೇಕು.